ಮಾರ್ಟ್‌ಗೆ ಹೋಗುವ ಮುಂಚೆ ರವಿವಾರ ಪೇಟೆಯ ರೇಟು ಗೊತ್ತಿರಲಿ

ಬೆಳಗಾವಿಯಲ್ಲಿ ತಿಂಗಳ ಸಾಮಾನು ತರೋಕೆ ಈಗ ಮೂರು ಜಾಗ ಇವೆ. ಓಣಿಯ ಕಿರಾಣಿ ಅಂಗಡಿ, ರವಿವಾರ ಪೇಟೆಯ ಹೋಲ್‌ಸೇಲ್ ಅಂಗಡಿಗಳು, ಮತ್ತು ಟ್ರಾಲಿ ತಳ್ಳಿಕೊಂಡು ಓಡಾಡುವ ದೊಡ್ಡ ಮಾರ್ಟ್‌ಗಳು. ಮಾರ್ಟ್‌ನಲ್ಲಿ ಎಲ್ಲಾ ಅಗ್ಗ ಅಂತ ಕೆಲವರು ನಂಬಿದ್ದಾರೆ. ಪೇಟೆಯ ರೇಟು ಎಲ್ಲೂ ಸಿಗಲ್ಲ ಅಂತ ಇನ್ನು ಕೆಲವರು. ಎರಡೂ ಪೂರ್ತಿ ನಿಜ ಅಲ್ಲ. ಎಣ್ಣೆ ಒಂದು ಕಡೆ ಅಗ್ಗ ಸಿಕ್ಕರೆ ಬೇಳೆ ಇನ್ನೊಂದು ಕಡೆ, ಶಾಂಪೂ ಮನೆ ಪಕ್ಕದ ಅಂಗಡಿಯಲ್ಲೇ. ಇದನ್ನು ಕಂಡುಹಿಡಿಯೋಕೆ ಎರಡು ಕೆಲಸ ಮಾಡಬೇಕು. ಎಲ್ಲ ರೇಟನ್ನೂ ಒಂದೇ ಅಳತೆಗೆ ತರಬೇಕು. ಆಮೇಲೆ, ತಂದದ್ದು ಕೆಡೋದರೊಳಗೆ ನಮ್ಮ ಮನೆಯಲ್ಲಿ ಖರ್ಚಾಗುತ್ತಾ ಅಂತ ನೋಡಬೇಕು. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ.

ಮೊದಲು ಮನೆಯ ಖರ್ಚು ಬರೆಯಿರಿ

ಪಟ್ಟಿಯಲ್ಲಿ ಬರೀ "ಎಣ್ಣೆ, ಸಕ್ಕರೆ, ಬೇಳೆ" ಅಂತ ಬರೆದರೆ ಸಾಲದು. ತಿಂಗಳಿಗೆ ಎಷ್ಟು ಅನ್ನೋದು ಬೇಕು. ಸುಲಭದ ಉಪಾಯ ಇದೆ. ಹೊಸ ಸಾಮಾನು ಡಬ್ಬಿಗೆ ಹಾಕಿದ ದಿನ, ಎಷ್ಟು ಹಾಕಿದಿರಿ ಅನ್ನೋದರ ಜೊತೆ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಎರಡು ತಿಂಗಳಲ್ಲಿ ನಿಮ್ಮ ಮನೆಯ ನಿಜವಾದ ಲೆಕ್ಕ ಕೈಗೆ ಬರುತ್ತದೆ. ಪಂಚಮಿ ಉಂಡೆ, ದೀಪಾವಳಿ ಫರಾಳ, ಎಳ್ಳಮಾವಾಸ್ಯೆಯ ಅಡುಗೆ, ಇವಕ್ಕೆ ಬೇಕಾಗುವ ಶೇಂಗಾ, ಬೆಲ್ಲ, ಎಣ್ಣೆಯನ್ನು ಬೇರೆ ಬರೆದಿಡಿ. ಹಬ್ಬದ ತಿಂಗಳ ಖರ್ಚನ್ನು ಪ್ರತಿ ತಿಂಗಳಿಗೆ ಅಂತ ಹಿಡಿದರೆ ಸುಮ್ನೆ ಜಾಸ್ತಿ ತಂದು ಕೂಡಿಡುತ್ತೀರಿ.

ರೇಟಿನ ಪುಸ್ತಕ

ಮನೆಗೆ ಬರುವ ಎಲ್ಲ ಸಾಮಾನಿನ ರೇಟು ಬರೆಯೋದು ಬೇಡ. ದುಡ್ಡು ಹೆಚ್ಚು ಹೋಗೋದು ಹದಿನೈದು ಇಪ್ಪತ್ತು ಸಾಮಾನಿಗೆ ಮಾತ್ರ. ಅಕ್ಕಿ, ಜೋಳ, ಗೋಧಿ, ತೊಗರಿ ಬೇಳೆ, ಶೇಂಗಾ, ಎಣ್ಣೆ, ಸಕ್ಕರೆ, ಬೆಲ್ಲ, ಚಹಾ ಪುಡಿ, ಒಣ ಮೆಣಸಿನಕಾಯಿ, ಸಾಬೂನು, ಬಟ್ಟೆ ತೊಳೆಯುವ ಪುಡಿ, ಹೀಗೆ. ಒಂದು ಸಣ್ಣ ನೋಟ್‌ಬುಕ್‌ನಲ್ಲೋ ಮೊಬೈಲಿನಲ್ಲೋ ಪ್ರತಿ ಸಾಮಾನಿಗೆ ಮೂರು ಕಡೆಯ ರೇಟು ಬರೆಯಿರಿ. ಪಕ್ಕದಲ್ಲಿ ತಾರೀಖು ಇರಲೇಬೇಕು. ಹಳೇ ರೇಟು ಇಟ್ಟುಕೊಂಡು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಾಬೂನು, ಟೂತ್‌ಪೇಸ್ಟ್, ಶಾಂಪೂ, ತಲೆಗೆ ಹಚ್ಚುವ ಎಣ್ಣೆಯ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಅದಕ್ಕಿಂತ ಹಿಂದೆ ಬರೆದಿಟ್ಟ ರೇಟಿನ ಎದುರು ಇವತ್ತು ಯಾವ ಅಂಗಡಿಯ ರೇಟಾದರೂ ಅಗ್ಗವಾಗೇ ಕಾಣುತ್ತದೆ.

ಪೇಟೆಯಲ್ಲಿ ರೇಟು ಕೇಳೋಕೂ ಒಂದು ಕ್ರಮ ಇದೆ. ಬರೀ "ಬೇಳೆ ಎಷ್ಟು?" ಅಂದರೆ ಸರಿಯಾದ ಉತ್ತರ ಸಿಗಲ್ಲ. ರವಿವಾರ ಪೇಟೆಯ ಅಂಗಡಿ ಮುಂದೆ ನಿಂತರೆ ಕೇಳಿಸುವ ಮಾತು ಹೀಗಿರುತ್ತದೆ:

"ಸಾವ್ಕಾರ್ರ, ತೊಗರಿ ಬ್ಯಾಳಿ ಹೆಂಗ್ರಿ?"

"ಯಾವ್ದು ಬೇಕ್ರಿ ಅಕ್ಕಾರ? ಮೂರು ನಮೂನಿ ಅದಾವ ನೋಡ್ರಿ."

"ನಡುವಿಂದು ತೋರಸ್ರಿ. ಐದು ಕಿಲೋ ತಗೊಂಡ್ರ ಎಷ್ಟಕ್ಕ ಬರ್ತದ?"

ಕೇಳಬೇಕಾದದ್ದು ಇವೆರಡೇ. ಯಾವ ನಮೂನೆ, ಎಷ್ಟು ಕಿಲೋ ತಗೊಂಡರೆ ರೇಟು ಇಳಿಯುತ್ತೆ. ಕೆಲವು ಅಂಗಡಿಗಳಲ್ಲಿ ಐದು ಕಿಲೋಕ್ಕೇ ಹೋಲ್‌ಸೇಲ್ ರೇಟು ಹಾಕುತ್ತಾರೆ. ಇನ್ನು ಕೆಲವು ಕಡೆ ಪೂರ್ತಿ ಚೀಲ ತಗೊಂಡರೆ ಮಾತ್ರ. ಸಾವ್ಕಾರರು ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಬೇಳೆ ಕಾಗದದ ಮೇಲೆ ಹರಡಿದಾಗ ಅವಸರ ಮಾಡಬೇಡಿ. ಕಾಳು ಒಂದೇ ಗಾತ್ರ ಇದೆಯಾ, ನುಚ್ಚು ಎಷ್ಟಿದೆ, ಸಿಪ್ಪೆ ಉಳಿದಿದೆಯಾ, ಬೆರಳಲ್ಲಿ ತಿಕ್ಕಿದರೆ ಎಣ್ಣೆ ಹತ್ತುತ್ತಾ ಅಂತ ನೋಡಿ. ಮಾರ್ಟ್‌ನ ಪಾಕೀಟಿನ ಬೇಳೆಯನ್ನೂ ಇದೇ ಕಣ್ಣಿಂದ ನೋಡಬೇಕು. ಮೂರನೇ ನಮೂನೆಯ ಬೇಳೆಯನ್ನು ಮೊದಲ ನಮೂನೆಯ ಎದುರು ಇಟ್ಟು "ಇಲ್ಲಿ ಹತ್ತು ರೂಪಾಯಿ ಕಡಿಮೆ" ಅಂದರೆ ಅದು ಹೋಲಿಕೆಯೇ ಅಲ್ಲ.

ಕಪಾಟಿನ ಮುಂದೆ ನಿಂತು ಮಾಡುವ ಲೆಕ್ಕ

ಪಾಕೀಟಿನ ಮೇಲೆ ಎಂಆರ್‌ಪಿ ಜೊತೆ "ಒಂದು ಗ್ರಾಂಗೆ ಇಷ್ಟು" ಅಥವಾ "ಒಂದು ಕಿಲೋಕ್ಕೆ ಇಷ್ಟು" ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಗಮನಿಸಿದ್ದೀರಾ? ಪಾಕೀಟು ಸಾಮಾನಿಗೆ ಅದನ್ನು ಛಾಪಿಸೋದು ಈಗ ಕಡ್ಡಾಯ. ಒಳ್ಳೇ ನಿಯಮ. ಆದರೆ ಅದನ್ನು ಓದುವಾಗ ಮೂರು ವಿಷಯ ತಿಳಿದಿರಬೇಕು.

ಒಂದು ಕಿಲೋಕ್ಕಿಂತ ಕಡಿಮೆ ಇರುವ ಪಾಕೀಟಿಗೆ ಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ, ಜಾಸ್ತಿ ಇದ್ದರೆ ಕಿಲೋ ಲೆಕ್ಕದಲ್ಲಿ. ಅಂದರೆ 500 ಗ್ರಾಂ ಪಾಕೀಟಿನ ಮೇಲೆ 0.17 ರೂಪಾಯಿ ಅಂತಲೂ 5 ಕಿಲೋ ಚೀಲದ ಮೇಲೆ 168 ರೂಪಾಯಿ ಅಂತಲೂ ಇರಬಹುದು. ಗ್ರಾಂ ರೇಟನ್ನು 1,000ದಿಂದ ಗುಣಿಸಿದರೆ 170 ಆಗುತ್ತದೆ. ಈಗ ಎರಡನ್ನೂ ಹೋಲಿಸಬಹುದು.

ಎರಡನೆಯದು, ಆ ರೇಟನ್ನು ಎರಡು ದಶಮಾಂಶಕ್ಕೆ ನಿಲ್ಲಿಸಿರುತ್ತಾರೆ. 0.17 ಅಂತ ಇದ್ದರೆ ನಿಜವಾದ ರೇಟು ಕಿಲೋಕ್ಕೆ 165 ಇರಬಹುದು, 174 ಕೂಡ ಇರಬಹುದು. ಬೇಳೆಯಂಥ ಸಾಮಾನಿನಲ್ಲಿ ನಾವು ಹುಡುಕುತ್ತಿರೋದೇ ಐದು ಹತ್ತು ರೂಪಾಯಿ ಫರಕು. ಅದು ಇಲ್ಲಿ ಮುಚ್ಚಿಹೋಗುತ್ತದೆ.

ಮೂರನೆಯದು ಇನ್ನೂ ಮುಖ್ಯ. ಛಾಪಿಸಿದ ಆ ರೇಟು ಎಂಆರ್‌ಪಿ ಮೇಲಿನದು. ಮಾರ್ಟ್ ನಿಮಗೆ ಕೊಡುವ ರೇಟು ಬೇರೆ. ಆದ್ದರಿಂದ ಕಪಾಟಿನ ಚೀಟಿಯ ರೇಟು ಹಿಡಿದು ನೀವೇ ಲೆಕ್ಕ ಮಾಡೋದು ಒಳ್ಳೇದು. 500 ಗ್ರಾಂ ಇದ್ದರೆ ಎರಡರಿಂದ ಗುಣಿಸಿ. ಪಾವ್ ಕಿಲೋ ಇದ್ದರೆ ನಾಲ್ಕರಿಂದ, 200 ಗ್ರಾಂ ಇದ್ದರೆ ಐದರಿಂದ. 750 ಗ್ರಾಂ ಇದ್ದರೆ ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿ. 870, 435 ಅಂತ ವಿಚಿತ್ರ ತೂಕ ಬಂದರೆ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ. ರೇಟನ್ನು ಗ್ರಾಂನಿಂದ ಭಾಗಿಸಿ 1,000ದಿಂದ ಗುಣಿಸಿದರೆ ಆಯಿತು. ಹಿಂದೆ ಟ್ರಾಲಿ ಹಿಡಿದು ನಿಂತವರು ಅವಸರ ಮಾಡಿದರೆ ಮಾಡಲಿ, ಖರ್ಚಾಗೋದು ನಿಮ್ಮ ದುಡ್ಡು.

"ಎಂಆರ್‌ಪಿ ಮೇಲೆ ಶೇ. 40 ಕಡಿತ" ಅನ್ನೋ ಬೋರ್ಡು ನೋಡಿ ನಿರ್ಧಾರ ಮಾಡಬೇಡಿ. ಎಂಆರ್‌ಪಿ ಅಂದರೆ ಇದಕ್ಕಿಂತ ಜಾಸ್ತಿಗೆ ಮಾರುವಂತಿಲ್ಲ ಅನ್ನೋ ಗಡಿ, ಅಷ್ಟೇ. ಅದನ್ನು ಗೊತ್ತು ಮಾಡೋದು ಕಂಪನಿ. ಎಂಆರ್‌ಪಿ 300 ಇದ್ದು 180ಕ್ಕೆ ಕೊಡುವ ಸಾಮಾನಿಗಿಂತ ಎಂಆರ್‌ಪಿ 190 ಇದ್ದು 170ಕ್ಕೆ ಕೊಡುವ ಅದೇ ತೂಕದ ಸಾಮಾನು ನಿಮಗೆ ಅಗ್ಗ. ಕಡಿತ ಎಷ್ಟು ಅಂತ ನೋಡಬೇಡಿ, ಕೈಯಿಂದ ಎಷ್ಟು ಹೋಗುತ್ತೆ ಅಂತ ನೋಡಿ.

ಎಣ್ಣೆಯಲ್ಲಿ ಲೀಟರೂ ಕಿಲೋನೂ ಒಂದೇ ಅಲ್ಲ

ಎಣ್ಣೆಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡೋಣ. ಮೋಸ ಹೋಗೋದು ಇಲ್ಲೇ ಹೆಚ್ಚು. ಅಡುಗೆ ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಈಗ ಕಪಾಟಿನಲ್ಲಿ ಒಂದು ಲೀಟರಿನ ಪಾಕೀಟಿನ ಪಕ್ಕದಲ್ಲೇ, ನೋಡೋಕೆ ಅಷ್ಟೇ ದೊಡ್ಡದು ಅನ್ನಿಸುವ 850 ಗ್ರಾಂ ಪಾಕೀಟೂ ಇರುತ್ತದೆ. ಲೆಕ್ಕಕ್ಕೆ ಅಂತ ಹಿಡಿಯಿರಿ: ಲೀಟರ್ ಪಾಕೀಟು 150 ರೂಪಾಯಿ, 850 ಗ್ರಾಂ ಪಾಕೀಟು 144 ರೂಪಾಯಿ. ಕಣ್ಣಿಗೆ ಎರಡನೆಯದು ಆರು ರೂಪಾಯಿ ಅಗ್ಗ. ಕಿಲೋಕ್ಕೆ ತಂದರೆ ಮೊದಲನೆಯದು ಸುಮಾರು 165 ರೂಪಾಯಿ, ಎರಡನೆಯದು 169 ದಾಟುತ್ತದೆ.

ದೊಡ್ಡ ಡಬ್ಬದಲ್ಲಿ ಫರಕು ಇನ್ನೂ ದೊಡ್ಡದು. 15 ಕಿಲೋ ಡಬ್ಬದಲ್ಲಿ ಸುಮಾರು ಹದಿನಾರೂವರೆ ಲೀಟರ್ ಎಣ್ಣೆ ಇರುತ್ತದೆ. 15 ಲೀಟರ್ ಡಬ್ಬದಲ್ಲಿ ಇರೋದು 13 ಕಿಲೋ 650 ಗ್ರಾಂ. ಎರಡನ್ನೂ ಜನ "ಹದಿನೈದರ ಡಬ್ಬ" ಅಂತಲೇ ಕರೆಯುತ್ತಾರೆ. 15 ಲೀಟರಿನದು 2,300ಕ್ಕೆ, 15 ಕಿಲೋದು 2,450ಕ್ಕೆ ಅಂತ ಹಿಡಿದರೆ ಕಿಲೋಕ್ಕೆ ಸುಮಾರು 168 ಮತ್ತು 163 ಬೀಳುತ್ತದೆ. ದುಬಾರಿ ಅನ್ನಿಸಿದ್ದೇ ಅಗ್ಗ. ಎಣ್ಣೆ ಕೊಳ್ಳುವಾಗ ಎಲ್ಲ ಕಡೆ ಕಿಲೋದಲ್ಲೇ ಹೋಲಿಸಿ. ಪಾಕೀಟಿನ ಮೇಲೆ ಲೀಟರ್ ದೊಡ್ಡದಾಗಿ ಬರೆದಿದ್ದರೂ ಗ್ರಾಂ ಎಷ್ಟು ಅಂತ ಹುಡುಕಿ ಓದಿ.

ದೊಡ್ಡ ಪಾಕೀಟು ಅಂದರೆ ಅಗ್ಗ ಅಂತಲ್ಲ

ಶಾಂಪೂ ನೋಡಿ. ಒಂದು ರೂಪಾಯಿ ಎರಡು ರೂಪಾಯಿ ಪಾಕೀಟಿನಲ್ಲಿ ಬರುವ ಶಾಂಪೂ ಬಹಳ ಸಲ ದೊಡ್ಡ ಬಾಟಲಿಗಿಂತ ಅಗ್ಗ ಬೀಳುತ್ತದೆ. ಒಂದು ರೂಪಾಯಿಗೆ 5 ಮಿಲೀ ಬಂದರೆ ಮಿಲೀಗೆ 20 ಪೈಸೆ. 340 ಮಿಲೀ ಬಾಟಲಿ 200 ರೂಪಾಯಿಗೆ ಬಂದರೆ ಮಿಲೀಗೆ ಸುಮಾರು 59 ಪೈಸೆ. ಕೂಲಿ ಮಾಡುವವರೂ ಕೊಳ್ಳಲಿ ಅಂತ ಕಂಪನಿಗಳು ಸಣ್ಣ ಪಾಕೀಟಿನ ರೇಟನ್ನು ಕಡಿಮೆ ಇಟ್ಟಿರುತ್ತವೆ. ಕಾಫಿ ಪುಡಿಯಲ್ಲೂ ಕೆಲವು ಸಲ ಹೀಗೇ ಆಗುತ್ತದೆ. ಸಾಬೂನಿನಲ್ಲಿ "ಮೂರು ಕೊಂಡರೆ ಒಂದು ಉಚಿತ" ಅಂತ ಇದ್ದರೆ ಒಂದೊಂದು ಸಾಬೂನು ಎಷ್ಟು ಗ್ರಾಂ ಅಂತ ನೋಡಿ. ಬಿಡಿಯಾಗಿ 125 ಗ್ರಾಂ ಇರೋದು ಕಟ್ಟಿನಲ್ಲಿ 100 ಗ್ರಾಂ ಇರಬಹುದು. ಬಿಸ್ಕತ್ತಿನಲ್ಲಿ ರೇಟು ಹಾಗೇ ಇಟ್ಟು ಗ್ರಾಂ ಕಡಿಮೆ ಮಾಡೋದು ಈಗ ಎಲ್ಲರಿಗೂ ಗೊತ್ತಿರೋ ವಿಷಯ.

ಸಾಬೂನಿಗೆ ತೂಕ ಒಂದೇ ಸಾಲದು. ಮೈ ಸಾಬೂನಿನ ಹೊದಿಕೆ ಮೇಲೆ ಟಿಎಫ್ಎಂ ಅಂತ ಇರುತ್ತದೆ, ಅಂದರೆ ಅದರಲ್ಲಿ ಕೊಬ್ಬಿನ ಅಂಶ ಶೇಕಡಾ ಎಷ್ಟು ಅಂತ. ಶೇ. 76 ಅಥವಾ ಜಾಸ್ತಿ ಇದ್ದರೆ ಗ್ರೇಡ್ 1, ಶೇ. 70ರ ಮೇಲಿದ್ದರೆ ಗ್ರೇಡ್ 2, ಶೇ. 60ರ ಮೇಲಿದ್ದರೆ ಗ್ರೇಡ್ 3. ಅದು ಕಡಿಮೆ ಇರುವ ಸಾಬೂನು ನೀರಲ್ಲಿ ಬೇಗ ಕರಗುತ್ತದೆ. ಗ್ರಾಂ ರೇಟು ಅಗ್ಗ ಇದ್ದರೂ ತಿಂಗಳಿಗೆ ಇನ್ನೊಂದು ಜಾಸ್ತಿ ಬೇಕಾದರೆ ಉಳಿದದ್ದು ಏನು?

ಅಕ್ಕಿ ಚೀಲ 26 ಕಿಲೋ ಯಾಕೆ?

ಪೇಟೆಯಲ್ಲಿ 26 ಕಿಲೋ ಅಕ್ಕಿ ಚೀಲ ನೋಡಿರುತ್ತೀರಿ. 2022ರ ಜುಲೈ 18ರಿಂದ ಪಾಕೀಟು ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಗೋಧಿ, ಬೇಳೆ, ಹಿಟ್ಟಿಗೆ 25 ಕಿಲೋವರೆಗೆ ಶೇ. 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಚೀಲ ಬಿಚ್ಚಿ ತೂಗಿ ಕೊಡುವ ಬಿಡಿ ಕಾಳಿಗೂ ಇಲ್ಲ. ಅದಕ್ಕೇ ಒಂದು ಕಿಲೋ ಸೇರಿಸಿ 26 ಕಿಲೋ ಚೀಲ ಮಾಡಿದರು. 10 ಕಿಲೋ, 25 ಕಿಲೋ ಮತ್ತು 26 ಕಿಲೋ ಚೀಲ ಮೂರೂ ಇದ್ದರೆ ಮೂರರ ಕಿಲೋ ರೇಟನ್ನೂ ತೆಗೆಯಿರಿ. ತೆರಿಗೆ ಉಳಿದದ್ದು ನಿಮ್ಮ ಕೈಗೆ ಬಂತಾ ಅಂತ ಅಲ್ಲೇ ಗೊತ್ತಾಗುತ್ತದೆ. ಹೊಸ ಅಕ್ಕಿಯೋ ಹಳೇ ಅಕ್ಕಿಯೋ ಅಂತಲೂ ಕೇಳಿ. ಹಳೇ ಅಕ್ಕಿ ಅನ್ನ ಮಾಡಿದಾಗ ಹೆಚ್ಚು ಒದಗುತ್ತದೆ, ಎರಡು ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಕಾಳಿಗೆ ಸುಗ್ಗಿ ನೋಡಿ ಹೋಗಿ

ನಮ್ಮ ಕಡೆಯವರಿಗೆ ಒಂದು ದೊಡ್ಡ ಅನುಕೂಲ ಇದೆ. ಬೆಳೆಯುವ ಊರಲ್ಲೇ ಇದ್ದೇವೆ. ಶೇಂಗಾ ದಸರಾ, ದೀಪಾವಳಿ ಹೊತ್ತಿಗೆ ಬರುತ್ತದೆ. ತೊಗರಿ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ. ಹಿಂಗಾರಿ ಜೋಳ ಶಿವರಾತ್ರಿಯ ಆಚೆ ಈಚೆ. ಒಣ ಮೆಣಸಿನಕಾಯಿ ಜನವರಿಯಿಂದ ಮಾರ್ಚ್. ಮಹಾಲಿಂಗಪುರದ ಕಡೆ ಗಾಣ ನಡೆಯುವ ಚಳಿಗಾಲದಲ್ಲಿ ಹೊಸ ಬೆಲ್ಲ. ವರ್ಷಕ್ಕಾಗುವ ಕಾಳು ತರೋರು ಆ ಹೊತ್ತಿಗೆ ಪೇಟೆ ನೋಡಬೇಕು. ಜುಲೈನಲ್ಲಿ ಮಾರ್ಟ್ "ಆಫರ್" ಹಾಕಿದಾಗ ಅದರ ರೇಟನ್ನು ಸುಗ್ಗಿಯಲ್ಲಿ ನೀವು ಬರೆದಿಟ್ಟ ರೇಟಿನ ಪಕ್ಕ ಇಟ್ಟು ನೋಡಿ.

ಜೋಳದ ಹಿಟ್ಟನ್ನು ಮಾತ್ರ ದೊಡ್ಡ ಪಾಕೀಟಿನಲ್ಲಿ ತರಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ. ಬೀಸಿ ಬಹಳ ದಿನ ಆದ ಹಿಟ್ಟಿಗೆ ಜಿಗಿ ಇರಲ್ಲ. ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ, ಕಹಿಯೂ ಆಗುತ್ತದೆ. ಜೋಳ ತಂದು ವಾರ ಎರಡು ವಾರಕ್ಕಾಗುವಷ್ಟು ಗಿರಣಿಗೆ ಹಾಕಿಸೋದೇ ಸರಿ. ಹೋಲಿಸುವಾಗ ಬೀಸುವ ಕೂಲಿ ಸೇರಿಸಿ. ಜೋಳ ಕಿಲೋಕ್ಕೆ 45, ಗಿರಣಿಗೆ 6 ಅಂತ ಹಿಡಿದರೆ 51. ಹಸನು ಮಾಡುವಾಗ ಹೋಗುವ ಕಸ, ಹರಳಿಗೆ ಇನ್ನೊಂದು ರೂಪಾಯಿ. ಪಾಕೀಟಿನ ಹಿಟ್ಟು ಎಷ್ಟಿದೆ ಅಂತ ಇದರ ಎದುರು ನೋಡಿ.

ಕೆಟ್ಟುಹೋದದ್ದನ್ನೂ ರೇಟಿಗೆ ಸೇರಿಸಿ

ಒಂದು ಕಿಲೋ ಬೇಳೆ 130, ಹತ್ತು ಕಿಲೋ ತಗೊಂಡರೆ ಕಿಲೋಕ್ಕೆ 120 ಅನ್ನೋಣ. ನೂರು ರೂಪಾಯಿ ಉಳಿಯಿತು ಅಂತ ಹತ್ತು ಕಿಲೋ ತಂದಿರಿ. ಮಳೆಗಾಲದಲ್ಲಿ ಒಂದು ಕಿಲೋಕ್ಕೆ ಹುಳ ಹತ್ತಿ ಚೆಲ್ಲಿದಿರಿ. ಈಗ 1,200 ರೂಪಾಯಿಗೆ ನಿಮಗೆ ಸಿಕ್ಕದ್ದು ಒಂಬತ್ತು ಕಿಲೋ. ಕಿಲೋಕ್ಕೆ 133 ಬಿತ್ತು. ಓಣಿಯ ಅಂಗಡಿಗಿಂತ ಮೂರು ರೂಪಾಯಿ ದುಬಾರಿ. ಬೆಳಗಾವಿಯ ಮಳೆಗಾಲದ ತೇವದ ಹವೆಯಲ್ಲಿ ಇದು ಜಾಸ್ತಿ.

ಉಪ್ಪು, ಸಕ್ಕರೆ, ಸಾಬೂನು, ಬಟ್ಟೆ ತೊಳೆಯುವ ಪುಡಿ, ಇವನ್ನು ದೊಡ್ಡ ಪ್ರಮಾಣದಲ್ಲಿ ತರಬಹುದು. ಬೇಳೆ, ಗೋಧಿ ಎರಡು ಮೂರು ತಿಂಗಳಿಗಾಗುವಷ್ಟು ತಂದರೆ ಬಿಸಿಲಿಗೆ ಹಾಕಿ, ಆರಿಸಿ, ಒಣಗಿದ ಬೇವಿನ ಎಲೆ ಇಟ್ಟು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬೇಳೆಗೆ ತುಸು ಹರಳೆಣ್ಣೆ ಸವರಿಡುವ ಹಳೇ ರೂಢಿ ಇವತ್ತಿಗೂ ಒಳ್ಳೇದೇ. ಶೇಂಗಾ ಕಾಳು, ರವೆ, ಒಣ ಕೊಬ್ಬರಿ, ಖಾರದ ಪುಡಿ, ಗುರೆಳ್ಳು ಬೇಗ ಕೆಡುತ್ತವೆ ಇಲ್ಲ ಕಮಟು ವಾಸನೆ ಬರುತ್ತವೆ. ಇವನ್ನು ಎಷ್ಟೇ ಅಗ್ಗ ಇದ್ದರೂ ತಿಂಗಳಿಗಾಗುವಷ್ಟೇ ತನ್ನಿ. "ಒಂದು ಕೊಂಡರೆ ಒಂದು ಉಚಿತ" ಅಂತ ಇದ್ದರೆ ಪಾಕೀಟು ತಿರುಗಿಸಿ ಯಾವ ತಾರೀಖಿನವರೆಗೆ ಬಳಸಬಹುದು ಅಂತ ಓದಿ. ತಾರೀಖು ಹತ್ತಿರ ಬಂದ ಮಾಲನ್ನು ಹೀಗೆ ಖಾಲಿ ಮಾಡೋದು ಉಂಟು. ಹದಿನೈದು ದಿನದಲ್ಲಿ ಮುಗಿಯುತ್ತೆ ಅನ್ನೋದಾದರೆ ಖುಷಿಯಿಂದ ತನ್ನಿ.

ಮನೆ ಸಣ್ಣದು, ಖರ್ಚು ಕಡಿಮೆ ಅನ್ನೋರು ಪಕ್ಕದ ಮನೆಯವರ ಜೊತೆ ಸೇರಿ ಒಂದು ಚೀಲ, ಒಂದು ಡಬ್ಬ ತಂದು ಹಂಚಿಕೊಳ್ಳಿ. ಹೋಲ್‌ಸೇಲ್ ರೇಟೂ ಸಿಗುತ್ತದೆ, ಕೆಡೋ ಚಿಂತೆಯೂ ಇಲ್ಲ.

ಮಾರ್ಟ್ ಎಲ್ಲಿ ಗಳಿಸುತ್ತದೆ

ದೊಡ್ಡ ಮಾರ್ಟ್‌ಗಳು ಕಂಪನಿಯಿಂದ ಲಾರಿಗಟ್ಟಲೆ ಮಾಲು ತರಿಸುತ್ತವೆ. ಅದಕ್ಕೇ ಬ್ರ್ಯಾಂಡಿನ ಸಾಬೂನು, ಟೂತ್‌ಪೇಸ್ಟ್, ಬಿಸ್ಕತ್ತು, ಬಟ್ಟೆ ತೊಳೆಯುವ ಪುಡಿ ಅಲ್ಲಿ ಬಹಳ ಸಲ ನಿಜವಾಗಿಯೂ ಅಗ್ಗ. ಕಿರಾಣಿ ಅಂಗಡಿಯವರಿಗೆ ಆ ರೇಟಿಗೆ ಮಾಲೇ ಸಿಗಲ್ಲ. ಕಾಳು ಕಡಿಗೆ ಪೇಟೆ ಅವಕ್ಕೆ ಸರಿಸಾಟಿ. ಆದರೆ ಬಟ್ಟೆ, ಪ್ಲಾಸ್ಟಿಕ್ ಸಾಮಾನು, ಪಾತ್ರೆ, ಆಟಿಕೆಗಳಲ್ಲಿ ಲಾಭ ದಿನಸಿಗಿಂತ ಜಾಸ್ತಿ ಇರುತ್ತದೆ. ಎಣ್ಣೆಯಲ್ಲಿ ಅರವತ್ತು ರೂಪಾಯಿ ಉಳಿಸಿ, ಪಟ್ಟಿಯಲ್ಲಿ ಇಲ್ಲದ ನಾಲ್ಕು ನೂರರ ಡಬ್ಬಿ ಸೆಟ್ಟು ತಂದರೆ ಆ ಉಳಿತಾಯ ಎಲ್ಲಿ ಹೋಯಿತು? ಮೊದಲು ಪಟ್ಟಿಯ ಸಾಮಾನು ಮುಗಿಸಿ. ಆಮೇಲೆ ಬೇಕಾದರೆ ಉಳಿದ ಕಡೆ ನೋಡಿ.

ಕಾರ್ಡು ಮಾಡಿಸಬೇಕಾದ ಹೋಲ್‌ಸೇಲ್ ಮಳಿಗೆಗಳೂ ಇವೆ. 2003ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ ಆ ಥರದ್ದು, ಅಂಗಡಿ ಮತ್ತು ಹೋಟೆಲಿನವರಿಗೆ ಅಂತ ಮಾಡಿದ್ದು. ಅಮೆರಿಕದ ಕಾಸ್ಟ್ಕೊದಲ್ಲಿ ವರ್ಷಕ್ಕೆ ಶುಲ್ಕ ಕಟ್ಟಿ ಸದಸ್ಯರಾಗಬೇಕು. ಎಲ್ಲೇ ಆಗಲಿ, ಶುಲ್ಕ ಇದ್ದರೆ ಹನ್ನೆರಡರಿಂದ ಭಾಗಿಸಿ. ತಿಂಗಳ ಉಳಿತಾಯ ಅದಕ್ಕಿಂತ ಜಾಸ್ತಿ ಬರುತ್ತದೆ ಅನ್ನೋದಾದರೆ ಮಾತ್ರ ಕಾರ್ಡು.

ಹೋಗಿ ಬರುವ ಖರ್ಚನ್ನೂ ಮರೆಯಬೇಡಿ. ಬೈಲಹೊಂಗಲದಿಂದಲೋ ಖಾನಾಪುರದಿಂದಲೋ ಬರುವ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಆದರೆ ಚೀಲ ಹೊತ್ತು ಬಸ್‌ಸ್ಟ್ಯಾಂಡಿಗೆ ಬರೋಕೆ ರಿಕ್ಷಾ ಬೇಕಲ್ವಾ? ಅದನ್ನು ಬಿಲ್ಲಿನ ಕೆಳಗೆ ಬರೆಯಿರಿ. ಓಣಿಯ ಕಿರಾಣಿಯವರು ಕೊಡುವ ಉದ್ರಿ, ಮನೆ ಬಾಗಿಲಿಗೆ ಸಾಮಾನು, ಹುಳ ಬಿದ್ದ ಕಾಳು ವಾಪಸ್ ತಗೊಳ್ಳೋದು, ಇವಕ್ಕೂ ಒಂದು ಬೆಲೆ ಇದೆ. ಕೈಯಲ್ಲಿ ರೊಕ್ಕ ಇಲ್ಲದ ತಿಂಗಳು ನೆರವಾದ ಅಂಗಡಿಯವರ ಹತ್ತಿರ ಎರಡು ರೂಪಾಯಿ ಜಾಸ್ತಿ ಕೊಟ್ಟು ನಾಲ್ಕು ಸಾಮಾನು ತಗೊಳ್ಳೋದು ನನಗಂತೂ ದಂಡ ಅನ್ನಿಸಲ್ಲ.

ಕೌಂಟರ್ ಬಿಡುವ ಮುಂಚೆ

ಕಪಾಟಿನ ಚೀಟಿಯಲ್ಲಿ ಇದ್ದ ರೇಟೇ ಬಿಲ್ಲಿನಲ್ಲಿ ಬಂದಿದೆಯಾ ಅಂತ ಅಲ್ಲೇ ನೋಡಿ. ಆಫರ್ ಮುಗಿದಿದ್ದರೂ ಚೀಟಿ ತೆಗೆದಿರಲ್ಲ, ಅಂಥದ್ದು ಆಗುತ್ತದೆ. ಕಪಾಟಿನ ಚೀಟಿಯ ಫೋಟೋ ತೆಗೆದಿಟ್ಟಿದ್ದರೆ ಮಾತು ಸುಲಭ. ಬಿಡಿ ಸಾಮಾನು ತೂಗಿಸುವಾಗ ಕಾಟಾ ಸೊನ್ನೆಯಲ್ಲಿ ಇದೆಯಾ ಅಂತ ಗಮನಿಸಿ. ಕುಂದಾ, ಕರದಂಟು ತಗೊಳ್ಳುವಾಗ ರಟ್ಟಿನ ಡಬ್ಬಿಯ ತೂಕ ಸೇರಿಸಬೇಡಿ ಅಂತ ಹೇಳಿ. ಡಬ್ಬಿಯ ತೂಕಕ್ಕೂ ಮಿಠಾಯಿ ರೇಟು ಹಾಕುವಂತಿಲ್ಲ.

ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ, ತೂಕ ಕಡಿಮೆ ಬಂದರೆ ಮೊದಲು ಅಂಗಡಿಯಲ್ಲೇ ಸಮಾಧಾನವಾಗಿ ಕೇಳಿ. ಅಲ್ಲಿ ಬಗೆಹರಿಯದಿದ್ದರೆ ತೂಕ, ಅಳತೆ ನೋಡಿಕೊಳ್ಳುವ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಫೋನ್ ಮಾಡುವ ಮುಂಚೆ ಬಿಲ್ಲು, ಪಾಕೀಟಿನ ಹೊದಿಕೆ, ಫೋಟೋ ಮೂರನ್ನೂ ಕೈಯಲ್ಲಿ ಇಟ್ಟುಕೊಳ್ಳಿ. ಬಿಲ್ಲಿನ ಅಕ್ಷರ ಕೆಲವೇ ವಾರದಲ್ಲಿ ಮಾಸಿಹೋಗುತ್ತದೆ, ಅದಕ್ಕೆ ಅದರದ್ದೂ ಒಂದು ಫೋಟೋ ಅವತ್ತೇ ತೆಗೆದಿಡಿ.